ಅರ್ಧಕ್ಕೆ ನಿಲ್ಲಿಸಿದ ಕಾರ್ಟೂನು

೧೯೯೬ರಲ್ಲಿ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಸಿಂಧನೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಮಾಸ್ತರರನ್ನು ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಗುರುತು ಹಿಡಿದಳು.

“ಮೌಲಾಸಾಬ್ ಸರ್, ನಾನ್ರೀ, ಹುಲಿಗೆಮ್ಮ. ಐದನೇ ಕ್ಲಾಸಿನಾಗ ನಿಮ್ಮ ಕೈಯಾಗ ಕಲ್ತಾಕಿ.”

“ಟಿವಿ ತರಿಸಿ ಅವ್ವನ್ನ ಹುಡುಕೋ ಹಕ್ಕಿಮರಿ ಕಾರ್ಟೂನ್ ತೋರ್ಸಿದ್ನಲ್ಲ, ಆ ವರ್ಷ?”

“ಹೌದ್ರಿ. ಅರ್ಧಕ್ಕ ನಿಲ್ಲಿಸಿ, ಮುಂದಿನ ಕತಿ ನೀವ ಬರೀರಿ ಅಂದಿದ್ರಿ.”

“ಎಲ್ಲಾರೂ ಮರಿಗೆ ಅವ್ವ ಸಿಕ್ಳು ಅಂತ ಬರದ್ರು. ನೀ ಒಬ್ಬಾಕಿ ಸಿಗಲಿಲ್ಲ ಅಂತ ಬರದಿದ್ದಿ.”

“ಕಾರ್ಟೂನಿನಾಗ ಹಂಗಿಲ್ಲ ಅಂತ ನೀವು ಕೆಂಪು ಗೀಟು ಹಾಕಿದ್ರಿ.”

“ನಿಮ್ಮವ್ವ ತೀರಿಕೊಂಡಿದ್ದು ನನಗ ಆಮ್ಯಾಲೆ ಗೊತ್ತಾತವ್ವ. ಆವಾಗರ ನಿನ್ನ ಕರದು ತಪ್ಪಾತು ಅನ್ನಬೇಕಿತ್ತು. ಮಾಸ್ತರ ಅನ್ನೋ ಗತ್ತು ಬಿಡಲಿಲ್ಲ.”

“ಇರ್ಲಿ ಬಿಡ್ರಿ ಸರ್.”

“ಈಗೇನರ ಬರೀತೀಯೇನು?”

“ಇಲ್ರಿ. ಅವತ್ತಿಂದ ಬೋರ್ಡಿನ ಮ್ಯಾಲಿದ್ದದ್ದಷ್ಟ ಬರಕೊಂಡೀನಿ.”

ಬಳಗಾನೂರು ಬಸ್ ಬಂತು. ಅವಳು ಹತ್ತಿ ಕೂತಳು. ಮಾಸ್ತರರು ಎದ್ದು ಕಿಟಕಿಯ ತನಕ ಹೋದರು.

“ಅವ್ವ ಸಿಗದಿದ್ದ ಮ್ಯಾಲೆ ಆ ಮರಿ ಏನು ಮಾಡ್ತು ಅಂತ ಬರದಿದ್ದಿ? ನಾ ಪೂರ್ತಿ ಓದಲಿಲ್ಲ.”

ಅವಳು ನೆನಪು ಮಾಡಿಕೊಳ್ಳಲು ನೋಡಿದಳು.

“ಮರ್ತುಬಿಟ್ಟೀನ್ರಿ ಸರ್,” ಅನ್ನುವಷ್ಟರಲ್ಲಿ ಬಸ್ಸು ಹೊರಟಿತು.