ನೆಮೆಸಿಯೊ ಸರ್ ತಡೆದ ಅಪ್ಪುಗೆ

ನೆಮೆಸಿಯೊ ಸರ್ ಅವರ ಪತ್ನಿ ಲುಸ್ವಿಮಿಂಡಾ ಅವರೇ, ಮಗಳು ಕ್ರಿಸಾಂತಾ, ವಂದನೀಯ ಗುರುಗಳೇ, ಸಹೋದ್ಯೋಗಿಗಳೇ, ಈ ಶಾಲೆಯಲ್ಲಿ ಓದಿ ಹೋದ ಮಕ್ಕಳೇ — ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ. ಇಲ್ಲಿ ಬೆಂಚುಗಳು ಖಾಲಿ ಇವೆ.

ನಾನು ಫೆಲಿಸಿತಾಸ್ ಕಡುಂಗೊಗ್, ರಸಾಯನಶಾಸ್ತ್ರದ ಶಿಕ್ಷಕಿ. ಸರ್ ಧರ್ಮಶಿಕ್ಷಣ ಕಲಿಸುತ್ತಿದ್ದರು. ಪ್ರತಿ ಜನವರಿಯಲ್ಲಿ ಕೊನೆಯ ವರ್ಷದ ಮಕ್ಕಳನ್ನು ವಲೆನ್ಸಿಯಾ ಬೆಟ್ಟದ ಮೇಲೆ ಧ್ಯಾನಕೂಟಕ್ಕೆ ಕರೆದೊಯ್ಯುತ್ತಿದ್ದವರು ಅವರು. ಹುಡುಗಿಯರ ಉಸ್ತುವಾರಿಗೆಂದು ಜೊತೆಗೆ ಹೋಗುತ್ತಿದ್ದವಳು ನಾನು. ಧ್ಯಾನಕೂಟ ಹೇಗಿರುತ್ತದೆಂದು ನಿಮಗೆ ಗೊತ್ತು. ಮೊದಲ ದಿನ ನಗು, ಮರುದಿನ ಪಾಪನಿವೇದನೆ, ಕೊನೆಗೆ ಅಳು. ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲರೂ ಸಂತರು. ಸೋಮವಾರ ನನ್ನ ಪ್ರಯೋಗಾಲಯದಲ್ಲಿ ಮತ್ತೆ ಅದೇ ಜಗಳ! ಇದನ್ನು ಸರ್ ಮುಂದೆಯೇ ಹೇಳಿದ್ದೆ. ಅವರು ನಕ್ಕು, "ಅತ್ತೋರು ಚೆನ್ನಾಗಿ ನಿದ್ದೆ ಮಾಡ್ತಾರೆ ಮ್ಯಾಮ್, ಅಷ್ಟೇ ಲಾಭ" ಅಂದಿದ್ದರು.

ತೀರಿಕೊಂಡರೆಂಬ ಕಾರಣಕ್ಕೆ ಅವರನ್ನು ಸಂತರೆಂದು ಹೊಗಳಲು ನಾನು ನಿಂತಿಲ್ಲ. ಅಂಕಪಟ್ಟಿ ಸಮಯಕ್ಕೆ ಕೊಟ್ಟವರಲ್ಲ. ಹಾಡಿದರೆ ಇಡೀ ಗಾಯನವೃಂದ ದಾರಿ ತಪ್ಪುತ್ತಿತ್ತು. ನನ್ನ ಕೊಡೆ ಒಂದು ಇನ್ನೂ ಅವರ ಮನೆಯಲ್ಲಿದೆ — ಇರಲಿ, ಲುಸ್ವಿಮಿಂಡಾ, ಅದು ಬೇಡ. ಆದರೆ ಒಂದು ವರ್ಷ ನಡೆದದ್ದನ್ನು ಹೇಳಬೇಕು. ಅದರಲ್ಲಿದ್ದ ಇಬ್ಬರು ಹುಡುಗರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಜುನ್ರೆ ತುಬೊಗ್, ರೆನಾಂಟೆ ಅಬ್ರಸಾಲ್ದೊ. ಒಂದೇ ತರಗತಿ, ಒಂದೇ ಕೇರಿ. ರೆನಾಂಟೆಯ ತಂದೆ ಇಸ್ಕೊ — ನಮಗೆಲ್ಲ ಹಿರಿಯಣ್ಣ, ನೊಂಗ್ ಇಸ್ಕೊ — ಮೀನುದೋಣಿ ನಡೆಸುತ್ತಿದ್ದರು. ಜುನ್ರೆಯ ತಂದೆ ಅದೇ ದೋಣಿಯಲ್ಲಿ ಕೆಲಸಕ್ಕಿದ್ದರು. ಸಿಕಿಹೋರ್ ದ್ವೀಪದ ಕಡೆ ದೋಣಿ ಬಿರುಗಾಳಿಗೆ ಸಿಕ್ಕಾಗ ಜುನ್ರೆಯ ತಂದೆ ನೀರಿಗೆ ಬಿದ್ದರು. ದೋಣಿ ಬಂತು, ಅವರು ಬರಲಿಲ್ಲ. ದೇಹವೂ ಸಿಗಲಿಲ್ಲ. "ರೆನಾಂಟೆ ಅಪ್ಪ ನಮ್ಮಪ್ಪನ್ನ ನೀರಲ್ಲೇ ಬಿಟ್ಟು ಬಂದ" ಎಂದು ಜುನ್ರೆ ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ರೆನಾಂಟೆ ಒಮ್ಮೆಯೂ ಎದುರಾಡಲಿಲ್ಲ. ತಲೆ ತಗ್ಗಿಸಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡ.

ಆ ವರ್ಷ ಧ್ಯಾನಕೂಟ ನಡೆಸಲು ಚರ್ಚಿನಿಂದ ಒಬ್ಬ ಯುವ ಗುರುಗಳು ಬಂದಿದ್ದರು. ಒಳ್ಳೆಯ ಮಾತುಗಾರರು. ವಿಷಯ ಅವರ ಕಿವಿಗೆ ಬಿದ್ದಿತ್ತು. ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಇಬ್ಬರನ್ನೂ ಶಿಲುಬೆಯ ಮುಂದೆ ಕರೆದು, "ಎಲ್ಲರ ಎದುರಿಗೆ ಅಪ್ಪಿಕೊಳ್ಳಿ ಮಕ್ಕಳೇ, ಕ್ಷಮಿಸಿಬಿಡಿ" ಅಂದರು. ಹುಡುಗಿಯರು ಆಗಲೇ ಕರವಸ್ತ್ರ ತೆಗೆದಿದ್ದರು. ಜುನ್ರೆಯ ಮುಷ್ಟಿ ಬಿಗಿದಿತ್ತು — ಹೀಗೆ.

ನೆಮೆಸಿಯೊ ಸರ್ ಎದ್ದರು. "ಫಾದರ್, ಕ್ಷಮಿಸಿ, ಅಡುಗೆಮನೇಲಿ ಕಾಯಿ ತುರಿಯೋಕೆ ಇಬ್ಬರು ಬೇಕಂತೆ. ಇವರನ್ನ ಕರ್ಕೊಂಡು ಹೋಗ್ತೀನಿ."

ಅಡುಗೆಮನೆಯಿಂದ ಯಾರೂ ಸಹಾಯ ಕೇಳಿರಲಿಲ್ಲ. ಅಡುಗೆಯವರಿಗೇ ಆಶ್ಚರ್ಯ.

ಇಬ್ಬರೂ ಬೆನ್ನು ತಿರುಗಿಸಿ ಕೂತು ಕಾಯಿ ತುರಿದರು. ನಾನು ಲೋಟ ತೊಳೆಯುತ್ತಿದ್ದೆ. ಜುನ್ರೆ ತುರಿಯುತ್ತಲೇ ಕೇಳಿದ.

"ನಿಮ್ಮಪ್ಪ ದೋಣಿ ತಿರುಗಿಸಿದ್ನಾ?"

"ಗೊತ್ತಿಲ್ಲ."

"ಒಂದೇ ಮನೇಲಿ ಇರ್ತೀಯಲ್ಲೋ!"

"ಕೇಳಿಲ್ಲ. ಕೇಳೋಕೆ ಭಯ ಕಣೋ."

ಬಾಗಿಲಲ್ಲಿದ್ದ ಸರ್ ಕೇಳಿದರು: "ಈಗ ಕೇಳ್ತೀಯೇನೋ?"

"ನೀವು ಬರ್ತೀರಾ ಸರ್?"

"ಬರ್ತೀನಿ. ಮಾತಾಡೋದು ಮಾತ್ರ ನೀನೇ."

ಕೊನೆಯ ದಿನ ಎಲ್ಲರೂ ಅತ್ತರು. ಇವರಿಬ್ಬರು ಅಳಲಿಲ್ಲ. ಭಾನುವಾರ ಬಲಿಪೂಜೆ ಮುಗಿಸಿ ಸರ್ ರೆನಾಂಟೆಯ ಜೊತೆ ನೊಂಗ್ ಇಸ್ಕೊ ಮನೆಗೆ ಹೋದರು. ಅವರ ಹೆಂಡತಿ ನನ್ನ ಸಂಬಂಧಿಕಳು, ಹಾಗಾಗಿ ನಾನೂ ಹೋದೆ. ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ ತಂದೆಯ ಮುಂದೆ ಹುಡುಗ ನಿಂತೇ ಆ ಪ್ರಶ್ನೆ ಕೇಳಿದ.

"ಸರ್ ಹೇಳಿಕೊಟ್ರೇನೋ?" ಎಂದರು ನೊಂಗ್ ಇಸ್ಕೊ.

"ಇಲ್ಲ ಅಪ್ಪಾ. ನನಗೇ ಗೊತ್ತಾಗ್ಬೇಕು."

ಅವರು ಬಲೆ ಕೆಳಗಿಟ್ಟರು. "ತಿರುಗಿಸ್ದೆ. ಒಂದ್ಸಲ. ತಲೆ ಕಾಣಿಸ್ತು. ಹತ್ರ ಹೋಗೋಷ್ಟರಲ್ಲಿ ಅಲೆ ದೋಣೀನ ಮಗ್ಗುಲಿಗೆ ಹಾಕ್ತು. ದೋಣೀಲಿ ಇನ್ನೂ ನಾಲ್ಕು ಜನ ಇದ್ರು. ಮತ್ತೆ ತಿರುಗಿಸ್ಲಿಲ್ಲ. ಅವನು ಕೂಗ್ತಿದ್ದ — ತಿರುಗಿಸ್ಲಿಲ್ಲ."

ಅಷ್ಟೇ.  ನಮ್ಮನ್ನು ಬೀದಿಯ ತುದಿವರೆಗೆ ಬಿಡಲು ಬಂದ ರೆನಾಂಟೆ ಕೇಳಿದ: "ಒಂದ್ಸಲ ತಿರುಗಿಸ್ದ ಅಂತ ಜುನ್ರೆಗೆ ಹೇಳ್ತೀನಿ ಸರ್. ಉಳಿದದ್ದು ಬಿಡ್ಲಾ?"

"ಬಿಟ್ರೆ ನಿಂಗೆ ತಲೆ ಎತ್ತೋಕಾಗತ್ತಾ?"

ಸೋಮವಾರ, ಪ್ರಯೋಗಾಲಯದ ಹಿಂದೆ, ಅವನು ಎಲ್ಲವನ್ನೂ ಹೇಳಿದ. ಜುನ್ರೆ ಹೊಡೆಯುತ್ತಾನೆಂದು ನಾನು ವರಾಂಡದಿಂದ ಇಳಿಯುತ್ತಿದ್ದೆ. ಸರ್ ತೋಳು ಹಿಡಿದು ನಿಲ್ಲಿಸಿದರು. ಜುನ್ರೆ ಹೊಡೆಯಲಿಲ್ಲ. "ಕೂಗ್ತಿದ್ದ ಅಂದ್ನಾ?" ಅಂತ ಮಾತ್ರ ಕೇಳಿದ. "ಹೂಂ." ಜುನ್ರೆ ಹೊರಡಲು ತಿರುಗಿದ. ಆಮೇಲೆ, "ಇದನ್ನ ನಮ್ಮಮ್ಮನಿಗೆ ನಿಮ್ಮಪ್ಪನೇ ಬಂದು ಹೇಳ್ಬೇಕು" ಅಂದ.

ನೊಂಗ್ ಇಸ್ಕೊ ಹೋದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಸರ್ ನಮ್ಮನ್ನೆಲ್ಲ ರಸ್ತೆಯಲ್ಲೇ ನಿಲ್ಲಿಸಿದ್ದರು. ಗಂಡ ಯಾವುದೋ ದ್ವೀಪ ಸೇರಿ ಬದುಕಿದ್ದಾನೆಂದು ನಂಬಿದ್ದ ಆ ತಾಯಿ, ಆ ತಿಂಗಳು ಮೊದಲ ಸಲ ಅವನ ಆತ್ಮಶಾಂತಿಗೆ ಬಲಿಪೂಜೆ ಹೇಳಿಸಿದಳು.

ಹುಡುಗರು ಗೆಳೆಯರಾದರೇ ಎಂದು ಕೇಳುತ್ತೀರಿ. ಆಗಲಿಲ್ಲ. ನೀರಲ್ಲೇ ಬಿಟ್ಟು ಬಂದನೆಂಬ ಮಾತನ್ನು ಜುನ್ರೆ ಮತ್ತೆ ಯಾರಿಗೂ ಹೇಳಲಿಲ್ಲ. ರೆನಾಂಟೆ ತರಗತಿಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳತೊಡಗಿದ — ತಪ್ಪು ಪ್ರಶ್ನೆಗಳನ್ನೇ, ಆದರೂ ಕೇಳಿದ. ಹದಿನೇಳು ವರ್ಷದ ಮಕ್ಕಳು ಇದಕ್ಕಿಂತ ಹೆಚ್ಚು ಬೆಳೆದದ್ದನ್ನು ನಾನು ನೋಡಿಲ್ಲ.

ಮರುವರ್ಷ ಆ ಗುರುಗಳು ಸರ್ ಅವರನ್ನು ಕೇಳಿದರು, ಅಂದು ಯಾಕೆ ತಡೆದಿರಿ ಎಂದು. ಸರ್ ಉತ್ತರ ಇದು: "ಅಪ್ಪಿಕೊಂಡಿದ್ರೆ ಅಲ್ಲಿಗೇ ಮುಗಿದುಹೋಗ್ತಿತ್ತು ಫಾದರ್. ಕೇಳ್ಬೇಕಾದ್ದು ಹಾಗೇ ಉಳಿದುಬಿಡ್ತಿತ್ತು."

ಕಳೆದ ವಾರ ಸರ್ ಶಾಲೆಗೆ ಹೊರಡಲು ಷೂ ಹಾಕಿಕೊಳ್ಳುತ್ತಾ ಕುಸಿದರು. ನಾಳೆ ಅವರ ಶವಪೆಟ್ಟಿಗೆಗೆ ಹೆಗಲು ಕೊಡಲು ಜುನ್ರೆ ಬಂದಿದ್ದಾನೆ. ರೆನಾಂಟೆಯೂ ಬಂದಿದ್ದಾನೆ. ಎತ್ತರ ಸರಿಹೊಂದುತ್ತದೆಂದು ಕ್ರಿಸಾಂತಾ ಇಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿದ್ದಾಳೆ. ಇಬ್ಬರಲ್ಲಿ ಯಾರೂ ಬೇಡ ಅನ್ನಲಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಹಾಡು ಬೇಡ, ಗಂಟೆಯೂ ಬೇಡ. ನಾನು ಹೋಗಿ ನನ್ನ ಜಾಗದಲ್ಲಿ ಕೂರುವವರೆಗೆ — ಮೌನ.