ಆಟ ಮುಗಿಯದೆ ಹೆಸರು ಕೊರೆಯದವಳು

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರ. ಅವನ ಹೆಸರು ನಿಮಗೆ ಬೇಡ, ಆ ಪೇಟೆಯ ಅರ್ಧ ಅಡಿಗಲ್ಲುಗಳ ಮೇಲೆ ಅದು ಇದ್ದೇ ಇದೆ. ಅವನ ಮಳಿಗೆಯಲ್ಲಿ ಬಾಡಿಗೆಗೆ ಇದ್ದವಳ ಹೆಸರು ಹೇಳುತ್ತೇನೆ, ಕೇಳಿ. ಕಾಳವ್ವ. ಕಪ್, ಶೀಲ್ಡ್, ಪದಕ ಮಾಡಿ ಮಾರುವ ಅಂಗಡಿ ಅವಳದು.

ಮೂರು ತಲೆಮಾರಿನ ಅಂಗಡಿ, ನೋಡಿ. ಅವಳ ಅಜ್ಜ ಮದುವೆಯ ಕೊಡ, ತಂಬಿಗೆಗಳ ಮೇಲೆ ಹೆಸರು ಕೊರೆಯುತ್ತಿದ್ದ. ಒಮ್ಮೆ ಕಬಡ್ಡಿ ಆಡಿಸುವವರು ಬಂದು ಹಿತ್ತಾಳೆಯ ಕಪ್ ಮಾಡಿಸಿದರು. "ಗೆಲ್ಲೋರು ಗರಡಿ ಓಣ್ಯಾವ್ರ. ಈಗ್ಲೇ ಹೆಸರು ಕೊರದ್ ಬಿಡು" ಅಂದರು. ಅಜ್ಜ ನಂಬಿ ಕೊರೆದ. ಗೆದ್ದವರು ಯಾರು? ಕಲ್ಲು ಒಡೆಯುವವರ ಮಕ್ಕಳು! ಅಜ್ಜ ಗಡಿಬಿಡಿಯಲ್ಲಿ ಹೆಸರು ಉಜ್ಜಿದ, ಅದರ ಮೇಲೆ ಇನ್ನೊಂದು ಕೊರೆದ. ಹಿತ್ತಾಳೆ ಮರೆಯುತ್ತದೆಯೇ? ಗೆದ್ದವರ ಹೆಸರಿನ ಅಡಿಯಲ್ಲಿ ಸೋತವರ ಹೆಸರು ಹಲ್ಲು ಕಿಸಿಯುತ್ತಿತ್ತು. ಗೆದ್ದ ತಂಡದ ನಾಯಕ ಕಪ್ಪನ್ನು ತಿರುಗಿಸಿ ನೋಡಿ, "ಯಜ್ಜಾ, ನಾವು ಗೆಲ್ತೀವಂತ ನಿನಗೂ ಅನಸ್ಲಿಲ್ಲೇನು?" ಅಂದನಂತೆ.

ಅಜ್ಜನಿಗೆ ಮುಖ ಎತ್ತಲು ಆಗಲಿಲ್ಲ. ಅಂದಿನಿಂದ ಆ ಮನೆತನಕ್ಕೆ ಒಂದೇ ಕಟ್ಟಳೆ: ಆಟ ಮುಗಿಯುವವರೆಗೆ ಹೆಸರಿನ ಜಾಗ ಖಾಲಿ. ಅವನ ಮಗನ ಕಾಲಕ್ಕೆ ಕೊರೆಯುವ ಮಿಷನ್ ಬಂತು. ಮಗ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೈದಾನಕ್ಕೇ ಹೋಗುತ್ತಿದ್ದ. ಕೊನೆಯ ಸೀಟಿ ಊದಿದ ಮೇಲೆ ಹೆಸರು! ಅದಕ್ಕಿಂತ ಮೊದಲು ದೇವರೇ ಬಂದು ಕೇಳಿದರೂ ಇಲ್ಲ.

ಈಗ ಕಾಳವ್ವನ ಕಾಲ. ಸಾಹುಕಾರ ಅಂಗಡಿಗೆ ಬಂದ.

"ಐತವಾರ ಫೈನಲ್ ಐತಿ. ನನ್ನ ಮಗನ ತಂಡದ ಹೆಸರು ಇವತ್ತ ಕೊರಿ."

"ಆಟ ಇನ್ನೂ ಆಗಿಲ್ಲಲ್ರಿ?"

"ಆದಂಗ ತಿಳಕೋ. ರೆಫ್ರಿ ನಮ್ಮ ಕಡೆಯಾಂವ."

"ಹಂಗಿದ್ರ ಕಪ್ ರೆಫ್ರಿಗೇ ಕೊಡ್ರಿ. ಆಡಾಂವ ಅವನ ಅಲ್ರೀ?"

"ಏ! ಮಳಗಿ ನಂದೈತಿ, ನೆನಪಿರ್ಲಿ!"

"ಮಳಗಿ ನಿಮ್ದು. ಕೈ ನಂದು."

ಮೂಲೆಯಲ್ಲಿ ಕೂತಿದ್ದ ಅವಳ ಮುದಿ ಅಪ್ಪ ಎದ್ದು ಬಂದ. ಸೈಕಲ್ ಮೇಲೆ ಮಿಷನ್ ಹೊತ್ತಿದ್ದವನೇ ಅವನು! "ಕೊರದ್ ಕೊಡವಾ. ನಮ್ಮ ಅನ್ನಕ್ಕ ನಾವ ಯಾಕ ಕಲ್ಲು ಹಾಕ್ಕೋಬೇಕು?" ಅಂದ. ಕಾಳವ್ವ ಅಂದಳು, "ಇವತ್ತ ಕೊರದ್ರ, ನಾಳೆಯಿಂದ ನಾವು ಮಾರೂದು ಕಪ್ ಅಲ್ಲಪ್ಪಾ, ಬರೀ ತಗಡು."

ಶನಿವಾರ ಸಾಹುಕಾರ ಸಾಮಾನು ಬೀದಿಗೆ ಹಾಕಿಸಿ ಮಳಿಗೆಗೆ ಬೀಗ ಜಡಿದ. ಬೇರೆ ಊರಿನಿಂದ ಹೆಸರು ಕೊರೆಸಿದ ಕಪ್ ತರಿಸಿದ. ಭಾನುವಾರ ಅವನ ಮಗ 'ಗೆದ್ದ'. ಮೈದಾನದ ತುಂಬ ಚಪ್ಪಾಳೆ. ಹಾಗಾದರೆ ಕಾಳವ್ವ ಸೋತಳೇ? ಅವಳು ಅದೇ ಮಳಿಗೆಯ ಎದುರು, ಫುಟ್‌ಪಾತಿನ ಮೇಲೆ ತಾಡಪಾಲು ಕಟ್ಟಿ ಕೂತಿದ್ದಾಳೆ. ಬಿಸಿಲಿದೆ, ಧೂಳಿದೆ, ಗಿರಾಕಿ ಕಡಿಮೆ. ಸಾಹುಕಾರನ ಕಾರು ಹಾದುಹೋದರೆ ತಲೆ ತಗ್ಗಿಸುವುದಿಲ್ಲ.

ನನಗೆ ಆ ಸಾಹುಕಾರನ ಮೇಲೆ ಅಷ್ಟು ಸಿಟ್ಟಿಲ್ಲ. ಸಿಟ್ಟು ಇಲ್ಲಿ ಕೂತ ನಿಮ್ಮ ಮೇಲೆ. ಹೌದು, ನಿಮ್ಮ ಮೇಲೆ! ಮೈದಾನದಲ್ಲಿ ಚಪ್ಪಾಳೆ ಹೊಡೆದವರು ಯಾರು? ನಮ್ಮ ನಿಮ್ಮಂಥವರೇ ಅಲ್ಲವೇ? ಸುಳ್ಳು ಅಂತ ಗೊತ್ತಿತ್ತು, ಆದರೂ ಹೊಡೆದೆವು. ಪಕ್ಕದವನು ಹೊಡೆದ ಅಂತ ಹೊಡೆದೆವು.

ನೋಡಿ, ಈ ಮೇಜಿನ ಮೇಲೆ ನನಗೆ ಅಂತ ಒಂದು ಫಲಕ ಇಟ್ಟಿದ್ದೀರಿ. 'ಅಮೋಘ ಪ್ರವಚನ ನೀಡಿದ್ದಕ್ಕಾಗಿ' ಅಂತ ಕೊರೆಸಿದ್ದೀರಿ. ಅಲ್ಲರೀ, ಅದನ್ನು ಕೊರೆಸುವಾಗ ನಾನಿನ್ನೂ ಬಾಯೇ ಬಿಟ್ಟಿರಲಿಲ್ಲ! ಅದನ್ನು ನಾನು ಒಯ್ಯುವುದಿಲ್ಲ. ಬೇಜಾರಾದರೆ ಆಗಲಿ.

ನಾಳೆ ನಿಮ್ಮೂರ ಶಾಲೆಯಲ್ಲಿ ಸಮಿತಿ ಅಧ್ಯಕ್ಷರ ಮಗಳಿಗೆ ಓಡದೆಯೇ ಮೊದಲ ಬಹುಮಾನ ಕೊಡುತ್ತಾರೆ ಅನ್ನಿ. ಚಪ್ಪಾಳೆ ಹೊಡೆಯದೆ ಕೈ ಕಟ್ಟಿ ಕೂರಿ. ನಿಮ್ಮ ಮಗನಿಗೇ ಹಾಗೆ ಕೊಟ್ಟರೆ, ಅವನ ಕೈ ಹಿಡಿದು ವೇದಿಕೆ ಹತ್ತಿ ವಾಪಸ್ ಕೊಡಿಸಿ. ನಿಮಗೆ ಶಾಲು ಹೊದಿಸಲು ಬಂದರೆ "ಯಾತಕ್ಕೆ?" ಅಂತ ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ. ಪಕ್ಕದವರು ಮೊಣಕೈಯಿಂದ ತಿವಿಯುತ್ತಾರೆ, ತಿವಿಯಲಿ.

ಏ, ಏ! ಈ ಮಾತಿಗೂ ಚಪ್ಪಾಳೆ ಬೇಡ. ಮೊದಲು ಒಂದು ಸಲವಾದರೂ ಹಾಗೆ ಕೈ ಕಟ್ಟಿ ಕೂತು ಬನ್ನಿ.