ಕ್ಲೆಮ್‌ನ ತೆಳು ನಳಿಗೆ

ಡಿಸೆಂಬರ್ ತಿಂಗಳು. ಯಾರ್ಕ್‌ಷೈರಿನ ನಮ್ಮ ಕಡೆ ಆಗ ನಾಲ್ಕು ಗಂಟೆಗೇ ಕತ್ತಲು. ಬಸ್ಸು ತಪ್ಪಿ, ಸಗ್ಡೆನ್ ಪಕ್ಕದೂರಿಂದ ನಡೆದೇ ಬರ್ತಿದ್ದ. ನನ್ನ ನೆರೆಮನೆಯವನು. ಅವನ ಬಾಯಿಂದಲೇ ಕೇಳಿದ್ದು ಇದು.

ಅವನ ಹೆಂಡತಿ ತೀರಿಹೋಗಿ ಆರು ವರ್ಷ. ಮನೇಲಿ ಒಂದು ಮಾತಿಗೂ ಜನ ಇಲ್ಲ. ಇದ್ದದ್ದು ಬರೀ ನಳಿಗೆಗಳು. ಹಿಂದೆ ಸೈನ್ಯದವರು ರೈಫಲಿನ ನಳಿಗೆಯೊಳಗೆ ಇನ್ನೊಂದು ತೆಳು ನಳಿಗೆ ತೂರಿಸಿ, ಕಿರುಬೆರಳ ತುದಿಯಷ್ಟು ಗುಂಡು ಹಾಕಿ ಹೊಸಬರಿಗೆ ಗುರಿ ಕಲಿಸ್ತಿದ್ದರು. ಬಯಲೇ ಬೇಡ, ಊರಲ್ಲಿ ಸಿಪಾಯಿಗಳ ಕವಾಯತಿಗೆ ಅಂತಲೇ ಇದ್ದ ಕವಾಯತು ಮನೆಯೊಳಗೇ ಆಗೋದು. ಅಂಥವನ್ನ ಹುಡುಕಿ ಹುಡುಕಿ ಕೂಡಿಸೋದೇ ಸಗ್ಡೆನ್‌ಗೆ ಹುಚ್ಚು.

ಅವತ್ತೂ ಕಂಕುಳಲ್ಲಿ ಒಂದಿತ್ತು. ಕೊಟ್ಟವಳು ಆ ಪಕ್ಕದೂರಿನ ಆಗ್ನೆಸ್ ಅನ್ನೋ ಒಂಟಿ ಮುದುಕಿ.

"ನಮ್ಮಣ್ಣ ಕ್ಲೆಮ್ ಇದರಲ್ಲೇ ಕಲೀತಿದ್ದ," ಅಂದಿದ್ದಳು. "ಮೊದಲನೇ ಮಹಾಯುದ್ಧದ ಕಾಲ. ಅವನ ಕಣ್ಣು ಮಂಜು. ಐದು ಗುಂಡಲ್ಲಿ ಎರಡು ತಾಗಿದ್ರೆ ಹೆಚ್ಚು. 'ಕುರುಡು ಕೋಳಿ' ಅಂತ ಆಡ್ಕೊಳ್ಳೋರು. ಒಂದಿನ ಜ್ವರದಲ್ಲೇ ಕವಾಯತು ಮನೆಗೆ ಹೋದ. ಅಲ್ಲೇ ಕುಸಿದ. ಆಮೇಲೆ ಮನೆಗೆ ಬಂದದ್ದು ಹೆಣ."

ದಾರೀಲಿ ಹಳೇ ಬಾವಿ. ಬಾವಿ ಪಕ್ಕ ಅದೇ ಕವಾಯತು ಮನೆ. ಮಾಡು ಬಿದ್ದು ಎಷ್ಟೋ ವರ್ಷ... ಗೋಡೆ ಮಾತ್ರ ನಿಂತಿದೆ.

ಸಗ್ಡೆನ್ ಬಾವಿ ದಾಟಿದ.

ಚರ್ಕ್... ಗುಂಡು ತುಂಬೋಕೆ ರೈಫಲಿನ ಬೋಲ್ಟು ಎಳೆದ ಸದ್ದು. ಕಟಕ್. ಮುಚ್ಚಿತು.

ಟಪ್.

ಆಮೇಲೆ ಗುರಿಯ ಕಬ್ಬಿಣದ ಹಲಗೆ, ಸಣ್ಣಗೆ... ಠಿಣ್.

ಸಗ್ಡೆನ್ ನಿಂತಲ್ಲೇ ಎಣಿಸಿದ. ಐದು ಸಲ 'ಟಪ್'. 'ಠಿಣ್' ಎರಡೇ ಸಲ.

ಗೋಡೆಯಾಚೆಯಿಂದ ಪಿಸುದನಿ. "ಸಾರ್ಜೆಂಟರೇ... ಇವತ್ತು ಎಷ್ಟು?"

ಓಡಬೇಕಿತ್ತು. ಓಡಲಿಲ್ಲ. ಆ ದನೀಲಿ ಹೆದರಿಸೋದು ಏನೂ ಇರಲಿಲ್ಲ ಅಂತಾನೆ. ಆ ಹುಡುಗನೇ ಹೆದರಿದ್ದ.

"ಐದಕ್ಕೈದು," ಅಂದ ಸಗ್ಡೆನ್.



"ನಿಜವಾಗ್ಲೂ?"

"ನಾನೇ ಎಣಿಸಿದೀನಪ್ಪ."

"ಹಂಗಾದ್ರೆ ನಾಳೆ ದೊಡ್ಡ ಗುಂಡು ಕೊಡ್ತೀರಾ?"

"ಬೇಡ. ನಿನ್ನ ಕಲಿಕೆ ಮುಗೀತು. ಮನೆಗೆ ಹೋಗು ಕ್ಲೆಮ್. ತಂಗಿ ಒಬ್ಬಳೇ ಇದ್ದಾಳೆ."

ಮೊಳೆ ಹೊಡೆದ ಬೂಟು ಕಲ್ಲಿನ ಮೇಲೆ ಕಿರ್ ಕಿರ್ ಅಂತು. ಸಗ್ಡೆನ್‌ನ ತೋಳು ಸವರಿಕೊಂಡು ತಣ್ಣಗೆ ಏನೋ ದಾಟಿತು. ಸದ್ದು ಪಕ್ಕದೂರಿನ ದಾರಿ ಹಿಡಿದು ಸಣ್ಣಗಾಗ್ತಾ... ಆಗ್ತಾ... ನಿಂತುಹೋಯ್ತು.

ಆಗ ಸಗ್ಡೆನ್‌ಗೆ ಅಳು ಬಂತಂತೆ. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಹತ್ತಿರ ಅಷ್ಟು ಮಾತಾಡಿದ್ದ. ಆ ಒಬ್ಬನನ್ನೂ ತಾನೇ ಕಳಿಸಿಬಿಟ್ಟೆನಲ್ಲ ಅಂತ. ಆಮೇಲೂ ಎಷ್ಟೋ ಸಂಜೆ ಬಾವಿ ಹತ್ತಿರ ಹೋಗಿ ನಿಂತ. ಗಾಳಿ ಬಿಟ್ಟರೆ ಏನೂ ಕೇಳಿಸಲಿಲ್ಲ.

ಆ ರಾತ್ರಿ ಕಳೆದು ಮರುದಿನ ಬೆಳಿಗ್ಗೆಯೇ ಆಗ್ನೆಸ್ ಅವನಿಗೆ ಫೋನು ಮಾಡಿದ್ದಳು.

"ನಿನ್ನೆ ನೀವು ಹೋಗಿ ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲು ತೆರೀತು. ಯಾರೂ ಇಲ್ಲ. ನಮ್ಮ ನಾಯಿ ಬೊಗಳಲಿಲ್ಲ. ಬೆಂಕಿ ಹತ್ತಿರದ ಕುರ್ಚೀಲಿ ಮಲಗಿತ್ತು... ಇಳಿದು ಜಾಗ ಬಿಟ್ಟುಕೊಡ್ತು."

ಸಗ್ಡೆನ್ ಕತೆ ಕಟ್ಟೋ ಪೈಕಿ ಅಲ್ಲ. ಆಮೇಲೊಂದು ದಿನ ಆಗ್ನೆಸ್ ಮನೆಗೆ ನಾನೂ ಹೋಗಿದ್ದೆ. ಚಳಿಗೆ ನಡುಗ್ತಿದ್ದರೂ ಆ ನಾಯಿ ನೆಲದ ಮೇಲೇ ಮಲಗಿತ್ತು. ಬೆಂಕಿ ಹತ್ತಿರದ ಆ ಕುರ್ಚಿ ಖಾಲಿಯಿತ್ತು. ಕೂರೋಣ ಅಂತ ನಾನು ಹೋದರೆ, ನಾಯಿ ನನ್ನ ಕೋಟು ಹಿಡಿದು ಎಳೀತು.